ಕೊಬ್ಬು, ಉಸಿರು ಮತ್ತು ಒಂದು ಗುಳಿಗೆ

ರಾಯಚೂರಿನ ಯಾವ ಮೆಡಿಕಲ್ ಶಾಪಿಗಾದರೂ ಹೋಗಿ, ಗಾಜಿನ ಕಪಾಟಿನ ಮುಂದೆ ಒಂದು ನಿಮಿಷ ನಿಲ್ಲಿ. ಸಕ್ಕರೆ ಕಾಯಿಲೆಯ ಗುಳಿಗೆ, ಬಿಪಿ ಗುಳಿಗೆಗಳು ಹಿಂದಿನ ಸಾಲಿನಲ್ಲಿರುತ್ತವೆ. ಕಣ್ಣಿಗೆ ಬೀಳುವ ಮುಂದಿನ ಸಾಲಿನಲ್ಲಿ ಬಣ್ಣದ ಡಬ್ಬಿಗಳಿರುತ್ತವೆ: ವಿಟಮಿನ್ ಇ ಕ್ಯಾಪ್ಸೂಲು, ವಿಟಮಿನ್ ಸಿ, ಸೆಲೆನಿಯಂ ಬೆರೆತ ಆ್ಯಂಟಿಆಕ್ಸಿಡೆಂಟ್ ಗುಳಿಗೆ, ಗ್ರೀನ್ ಟೀ ಸಾರ, ಗಾರ್ಸೀನಿಯಾ. ಮಾನ್ವಿ, ದೇವದುರ್ಗದ ಅಂಗಡಿಗಳಲ್ಲೂ ಇವು ಸಿಗುತ್ತವೆ; ಫೋನಿನಲ್ಲಿ ಆರ್ಡರ್ ಹಾಕಿದರೆ ಕಲ್ಲೂರಿನಂಥ ಊರಿನ ಮನೆ ಬಾಗಿಲಿಗೂ ಬರುತ್ತವೆ. ಕೊಬ್ಬು ಕರಗುತ್ತದೆ, ಹೊಟ್ಟೆ ಇಳಿಯುತ್ತದೆ, ದೇಹದ ಕಲ್ಮಶ ಹೋಗುತ್ತದೆ ಎಂಬ ಭರವಸೆ ಡಬ್ಬಿಯ ಮೇಲಿರುತ್ತದೆ. ಒಂದು ತಿಂಗಳ ಡಬ್ಬಿಗೆ ಕೊಡುವ ದುಡ್ಡು ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳ ಹಲವು ದಿನಗಳ ಕೂಲಿ. ಅದಕ್ಕಾಗಿಯೇ ಈ ಗುಳಿಗೆ ದೇಹದೊಳಗೆ ಹೋಗಿ ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ಒಂದೊಂದೇ ಹಂತದಲ್ಲಿ ನೋಡಬೇಕಾಗಿದೆ.

ಬೊಜ್ಜಿನ ಮಾತನ್ನು ರಾಯಚೂರಿನಲ್ಲಿ ಏಕೆ ಆಡಬೇಕು ಎಂದು ಕೇಳುವವರಿದ್ದಾರೆ. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ, ಮಾನ್ವಿ ಎರಡೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ರಕ್ತಹೀನತೆ, ತೂಕವಿಲ್ಲದ ಮಕ್ಕಳು ಇಲ್ಲಿನ ಹಳೆಯ ನೋವು. ಅದು ಇನ್ನೂ ಹೋಗಿಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ನೂರಕ್ಕೆ ಮೂವತ್ತು ಜನ ಅತಿತೂಕದವರು. ಒಂದೇ ಮನೆಯಲ್ಲಿ ರಕ್ತ ಕಡಿಮೆಯಿರುವ ಸೊಸೆಯೂ ಸಕ್ಕರೆ ಕಾಯಿಲೆಯ ಅತ್ತೆಯೂ ಇರಬಹುದು. ಕೆಲವೊಮ್ಮೆ ರಕ್ತಹೀನತೆ, ಬೊಜ್ಜು ಎರಡೂ ಒಂದೇ ಮೈಯಲ್ಲಿರುತ್ತವೆ.

ಈ ಸೀಮೆಯ ಊಟ ಬದಲಾದದ್ದು ನೀರಿನಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರು ಕಡೆಯ ಎರೆಹೊಲಗಳು ಭತ್ತದ ಗದ್ದೆಗಳಾದವು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ಹಿಂಗಾರಿ ಬಿಳಿಜೋಳದ ನಾಡು ಸೋನಾ ಮಸೂರಿಯ ನಾಡಾಯಿತು. ನೀರು ಬಂದದ್ದು ದೊಡ್ಡ ಪುಣ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಬಂತು, ಕುಸುಬೆ ಎಣ್ಣೆಯ ಜಾಗಕ್ಕೆ ಪಾಕೀಟಿನ ಎಣ್ಣೆ ಬಂತು, ಎತ್ತಿನ ಬೇಸಾಯದ ಜಾಗಕ್ಕೆ ಟ್ರ್ಯಾಕ್ಟರು ಬಂತು. ಒಳಹೋಗುವ ಶಕ್ತಿ ಹೆಚ್ಚಿತು, ಖರ್ಚಾಗುವ ಶಕ್ತಿ ಇಳಿಯಿತು.

ತೂಕದ ಕಾಟಾ ನಮ್ಮ ಜನರ ವಿಷಯದಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ತುಂಬಿಕೊಂಡಿರುವುದು ಭಾರತೀಯ ದೇಹದ ಸ್ವಭಾವ. ಅದು ಹೆಚ್ಚಾಗಿ ಹೊಟ್ಟೆಯೊಳಗೆ, ಕರುಳು, ಯಕೃತ್ತಿನ ಸುತ್ತ ಕೂರುತ್ತದೆ. ಹಾಗಾಗಿ 'ನಾನೇನು ದಪ್ಪ ಇಲ್ಲ' ಎನ್ನುವವರೂ ಈ ಅಧ್ಯಾಯವನ್ನು ಓದಬೇಕು.

ಈಗ ಕೊಬ್ಬಿನ ವಿಷಯಕ್ಕೆ ಬರೋಣ. ದೇಹ ಬೊಜ್ಜನ್ನು ಟ್ರೈಗ್ಲಿಸರೈಡ್ ಎಂಬ ರೂಪದಲ್ಲಿ ಕೂಡಿಡುತ್ತದೆ: ಒಂದು ಗ್ಲಿಸರಾಲ್ ಅಣುವಿಗೆ ಜೋತುಬಿದ್ದ ಮೂರು ಉದ್ದನೆಯ ಕೊಬ್ಬಿನಾಮ್ಲಗಳು. ಊಟ ಮಾಡಿದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದು ಇರುವಷ್ಟು ಹೊತ್ತೂ ಕೊಬ್ಬಿನ ಕೋಶಗಳಿಗೆ 'ಇಟ್ಟುಕೋ, ಬಿಡಬೇಡ' ಎಂಬ ಆಜ್ಞೆ. ಹೊಟ್ಟೆ ಖಾಲಿಯಾದಾಗ, ಮೈಮುರಿದು ದುಡಿದಾಗ ಇನ್ಸುಲಿನ್ ಇಳಿದು ಅಡ್ರಿನಲಿನ್ ಏರುತ್ತದೆ. ಆಗ ಲೈಪೇಸ್ ಕಿಣ್ವಗಳು ಕೊಬ್ಬಿನಾಮ್ಲಗಳನ್ನು ಬಿಡಿಸಿ ರಕ್ತಕ್ಕೆ ಬಿಡುತ್ತವೆ. ಅವು ಆಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಸ್ನಾಯುಗಳನ್ನು ತಲುಪುತ್ತವೆ, ಕಾರ್ನಿಟಿನ್‌ನ ನೆರವಿನಿಂದ ಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದ ಒಳಗೋಡೆ ದಾಟುತ್ತವೆ, ಅಲ್ಲಿ ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಲ್ಪಡುತ್ತವೆ. ಕೊನೆಗೆ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡು ಮತ್ತು ನೀರಾಗುತ್ತವೆ.

ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ? ಬೆವರಿನಲ್ಲಿ, ಮಲದಲ್ಲಿ ಎಂದು ಹಲವರು ತಿಳಿದಿದ್ದಾರೆ. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆ್ಯಂಡ್ರೂ ಬ್ರೌನ್ ಇದರ ಲೆಕ್ಕ ಹಾಕಿ ತೋರಿಸಿದರು. 10 ಕಿಲೋ ಕೊಬ್ಬು ಪೂರ್ತಿ ಉರಿಯಲು 29 ಕಿಲೋ ಆಮ್ಲಜನಕ ಬೇಕು. ಉರಿದ ಮೇಲೆ ಬರುವುದು 28 ಕಿಲೋ ಇಂಗಾಲದ ಡೈಆಕ್ಸೈಡು, 11 ಕಿಲೋ ನೀರು. ಕೊಬ್ಬಿನ ತೂಕದಲ್ಲಿ ಶೇ 84ರಷ್ಟು ಮೂಗಿನಿಂದ ಉಸಿರಾಗಿ ಹೊರಹೋಗುತ್ತದೆ. ಜೋರಾಗಿ ಉಸಿರುಬಿಟ್ಟ ಮಾತ್ರಕ್ಕೆ ಬೊಜ್ಜು ಇಳಿಯುವುದಿಲ್ಲ; ದೇಹ ಇಂಧನ ಬೇಡಿ ಕೊಬ್ಬನ್ನು ಉರಿಸಿದಾಗ ಮಾತ್ರ ಆ ಉಸಿರಿನಲ್ಲಿ ಕೊಬ್ಬಿನ ಇಂಗಾಲ ಇರುತ್ತದೆ. ಕೊಬ್ಬು ಮೈ ಬಿಡಲು ಉತ್ಕರ್ಷಣವೇ, ಅಂದರೆ ಆಮ್ಲಜನಕದ ಜೊತೆಗಿನ ಈ ಕ್ರಿಯೆಯೇ ದಾರಿ. ಇದೊಂದು ನೆನಪಿನಲ್ಲಿರಲಿ.

ಮೈಟೊಕಾಂಡ್ರಿಯಾದೊಳಗೆ ನಡೆಯುವುದನ್ನು ಈ ಸೀಮೆಯ ರೈತನಿಗೆ ವಿವರಿಸುವುದು ಕಷ್ಟವಲ್ಲ. ಕೊಬ್ಬಿನಿಂದಲೂ ಸಕ್ಕರೆಯಿಂದಲೂ ಕಿತ್ತ ಎಲೆಕ್ಟ್ರಾನುಗಳು ಒಂದು ಕಾಲುವೆಯಲ್ಲಿ ಹರಿದಂತೆ ಒಂದರಿಂದ ಒಂದು ಪ್ರೋಟೀನಿಗೆ ದಾಟುತ್ತ ಹೋಗುತ್ತವೆ. ಕೊನೆಯಲ್ಲಿ ಆಮ್ಲಜನಕ ಅವನ್ನು ಬರಮಾಡಿಕೊಳ್ಳುತ್ತದೆ. ಕೊನೆಭಾಗದ ಹೊಲಗಳು ನೀರು ಎಳೆದುಕೊಳ್ಳುತ್ತಿದ್ದರೆ ಕಾಲುವೆ ಸರಾಗವಾಗಿ ಹರಿಯುತ್ತದೆ. ಮೇಲಿನಿಂದ ನೀರು ಬಿಡುತ್ತಲೇ ಇದ್ದು ಕೆಳಗೆ ತೂಬು ಮುಚ್ಚಿದರೆ ನೀರು ದಂಡೆಯ ಮೇಲೆ ಉಕ್ಕುತ್ತದೆ. ಕೋಶದಲ್ಲಿಯೂ ಹಾಗೆಯೇ: ಇಂಧನ ಬೇಕಾದ್ದಕ್ಕಿಂತ ಹೆಚ್ಚು ಬಂದು, ಅದನ್ನು ಬೇಡುವ ದುಡಿಮೆ ಇಲ್ಲದಿದ್ದರೆ ಎಲೆಕ್ಟ್ರಾನುಗಳು ದಾರಿತಪ್ಪಿ ಅರ್ಧದಾರಿಯಲ್ಲೇ ಆಮ್ಲಜನಕವನ್ನು ಹಿಡಿಯುತ್ತವೆ. ಹುಟ್ಟುವುದು ಸೂಪರ್‌ಆಕ್ಸೈಡ್. ಅದು ಬೇಗನೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ದೇಹ ಇದಕ್ಕೆ ಸಿದ್ಧವಾಗಿಯೇ ಇದೆ. ಸೂಪರ್‌ಆಕ್ಸೈಡನ್ನು ಪಳಗಿಸುವ ಕಿಣ್ವ, ಅಂದರೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಏನು ಮಾಡುತ್ತದೆ ಎಂಬುದನ್ನು 1969ರಲ್ಲಿ ಅಮೆರಿಕದ ಜೋ ಮೆಕ್‌ಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಕಂಡುಹಿಡಿದರು. ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಇನ್ನೆರಡು ಕಿಣ್ವಗಳು ಪೆರಾಕ್ಸೈಡನ್ನು ನೀರಾಗಿಸುತ್ತವೆ. ಇದಕ್ಕೂ ಮುಂಚೆ, 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಮುಪ್ಪಿಗೆ ಸೂಪರ್‌ಆಕ್ಸೈಡಿನಂಥ ಫ್ರೀ ರ‍್ಯಾಡಿಕಲ್‌ಗಳೇ ಕಾರಣ ಎಂಬ ವಾದ ಮುಂದಿಟ್ಟಿದ್ದರು. ಆ ವಾದ ಜನಪ್ರಿಯವಾಯಿತು. ಇವು ಕೆಟ್ಟವು, ಇವನ್ನು ಅಳಿಸುವುದೆಲ್ಲ ಒಳ್ಳೆಯದು ಎಂಬ ಸರಳ ನಂಬಿಕೆಯ ಮೇಲೆ ಒಂದು ಜಾಗತಿಕ ವ್ಯಾಪಾರವೇ ಎದ್ದಿತು.

ಆ ನಂಬಿಕೆ ಸರಿಯಿಲ್ಲ ಎಂದು ಆಗಲೇ ಗುರುತಿಸಿದವರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಯೊಬ್ಬರಿದ್ದರು ಎಂಬುದು ನನಗೆ ಹೆಮ್ಮೆಯ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಟಿ. ರಾಮಶರ್ಮ ಅವರು ಈ ಎಲೆಕ್ಟ್ರಾನು ಕಾಲುವೆಯ ಒಂದು ಕೊಂಡಿಯಾದ ಕೋಎನ್‌ಜೈಮ್ ಕ್ಯು ಬಗ್ಗೆ ದೀರ್ಘಕಾಲ ಕೆಲಸ ಮಾಡಿದರು. ಇಂದು ಅದೇ ಕೋಎನ್‌ಜೈಮ್ ಕ್ಯು ಡಬ್ಬಿಗಳಲ್ಲಿ ಮಾರಾಟವಾಗುತ್ತಿದೆ. ಕೋಶದ ಪೊರೆಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ಅವರು 1982ರಲ್ಲಿ ಒಂದು ವಿಸ್ತಾರವಾದ ಸಮೀಕ್ಷೆ ಬರೆದರು. ಪೆರಾಕ್ಸೈಡ್ ಬರೀ ಕಸವಲ್ಲ, ಕೋಶದ ನಿಯಂತ್ರಣದಲ್ಲಿ ಅದಕ್ಕೊಂದು ಕೆಲಸವಿದೆ ಎಂಬುದು ಅವರ ನಿಲುವಾಗಿತ್ತು. ಜಗತ್ತು ಅದನ್ನು ಪೂರ್ತಿ ಒಪ್ಪಲು ಇನ್ನೂ ಕೆಲವು ದಶಕ ಹಿಡಿಯಿತು.

2004ನೇ ಇಸವಿ ಇಲ್ಲಿ ಬಹಳ ಮುಖ್ಯ. ಆ ವರ್ಷ ಜಪಾನಿನ ಫುರುಕಾವಾ ಮತ್ತು ಸಂಗಡಿಗರು ಬೊಜ್ಜಿನ ಇಲಿಗಳಲ್ಲಿ ಕೊಬ್ಬಿನ ಅಂಗಾಂಶವೇ ಸೂಪರ್‌ಆಕ್ಸೈಡ್, ಪೆರಾಕ್ಸೈಡಿನಂಥ ಆಕ್ಸಿಡೆಂಟುಗಳನ್ನು ಉತ್ಪಾದಿಸುತ್ತದೆ, ಅದರಿಂದ ಅಡಿಪೊನೆಕ್ಟಿನ್ ಎಂಬ ಹಿತಕರ ಹಾರ್ಮೋನು ಕುಸಿಯುತ್ತದೆ ಎಂದು ತೋರಿಸಿದರು. ಅಡಿಪೊನೆಕ್ಟಿನ್ ಇಳಿದರೆ ಇನ್ಸುಲಿನ್‌ಗೆ ದೇಹ ಓಗೊಡುವುದು ಕಡಿಮೆಯಾಗುತ್ತದೆ, ಕೊಬ್ಬು ಉರಿಯುವುದು ತಗ್ಗುತ್ತದೆ. ಅಂದಮೇಲೆ ಅವನ್ನು ಅಳಿಸುವ ಆ್ಯಂಟಿಆಕ್ಸಿಡೆಂಟ್ ಕೊಟ್ಟರೆ ಸರಿಹೋಗಬೇಕಲ್ಲ? ಅದೇ ವರ್ಷ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರಬಂಧ ಬಂತು. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಹೆಚ್ಚಾಗಿ ತಯಾರಾಗುವಂತೆ ತಳಿ ಬದಲಿಸಿದ ಇಲಿಗಳವು. ಪೆರಾಕ್ಸೈಡನ್ನು ಅಳಿಸುವ ಶಕ್ತಿ ಅವುಗಳಿಗೆ ಬೇರೆ ಇಲಿಗಳಿಗಿಂತ ಹೆಚ್ಚು. ಅವು ಆರೋಗ್ಯವಾಗಿರಬೇಕಿತ್ತು. ಬದಲಿಗೆ ಅವುಗಳಿಗೆ ಬೊಜ್ಜು ಬಂತು, ರಕ್ತದ ಸಕ್ಕರೆ ಏರಿತು, ಇನ್ಸುಲಿನ್ ಕೆಲಸ ಮಾಡದಾಯಿತು.

ಈ ಎರಡು ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನಿಜ ಹೊಳೆಯುತ್ತದೆ. ಇನ್ಸುಲಿನ್ ಕೋಶದ ಬಾಗಿಲು ತಟ್ಟಿದಾಗ ಒಳಗೆ ಕ್ಷಣಕಾಲ ಒಂದಿಷ್ಟು ಪೆರಾಕ್ಸೈಡ್ ಹುಟ್ಟುತ್ತದೆ. ಅದು ಪಿಟಿಪಿ1ಬಿ ಎಂಬ ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವದ ಕೆಲಸ ಇನ್ಸುಲಿನ್ನಿನ ಸಂದೇಶವನ್ನು ಅಳಿಸಿಹಾಕುವುದು. ಪೆರಾಕ್ಸೈಡೇ ಇಲ್ಲದಿದ್ದರೆ ಸಂದೇಶ ಹುಟ್ಟಿದ ಕೂಡಲೇ ಅಳಿಸಿಹೋಗುತ್ತದೆ. ಹಗಲಿರುಳೂ ಉಕ್ಕುವ ಆಕ್ಸಿಡೆಂಟು ಹಾನಿಕರ. ಬೇಕಾದಾಗ ಹುಟ್ಟಿ ಆರುವ ಆಕ್ಸಿಡೆಂಟು ಬದುಕಿಗೆ ಅಗತ್ಯ. ನುಂಗಿದ ಗುಳಿಗೆಗೆ ಈ ಎರಡರ ಭೇದ ತಿಳಿಯುವುದಿಲ್ಲ.

ಮನುಷ್ಯರಲ್ಲಿ ಇದನ್ನು ಪರೀಕ್ಷಿಸಿದ್ದು 2009ರಲ್ಲಿ, ಜರ್ಮನಿಯ ಮೈಕೆಲ್ ರಿಸ್ಟೋವ್ ತಂಡ. ಸುಮಾರು ನಲವತ್ತು ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ಕಟ್ಟುನಿಟ್ಟಿನ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ. ಉಳಿದವರಿಗೆ ಗುಳಿಗೆಯಿಲ್ಲ. ಗುಳಿಗೆ ನುಂಗದವರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಗುಣ ಚೆನ್ನಾಗಿ ಸುಧಾರಿಸಿತು, ಅಡಿಪೊನೆಕ್ಟಿನ್ ಏರಿತು. ಕೊಬ್ಬು ಉರಿಸುವ ಮೈಟೊಕಾಂಡ್ರಿಯಾಗಳನ್ನು ಹೆಚ್ಚಿಸಲು ಆಜ್ಞೆ ಕೊಡುವ ಜೀನುಗಳು ಸ್ನಾಯುಗಳಲ್ಲಿ ಎಚ್ಚೆತ್ತವು. ದೇಹದ ಸ್ವಂತ ರಕ್ಷಕ ಕಿಣ್ವಗಳೂ ಹೆಚ್ಚಿದವು. ಗುಳಿಗೆ ನುಂಗಿದವರಲ್ಲಿ ಇದ್ಯಾವುದೂ ಆಗಲಿಲ್ಲ. ಬೆವರು ಅಷ್ಟೇ ಸುರಿದಿತ್ತು, ಫಲ ಮಾತ್ರ ಕೈಗೆ ಬರಲಿಲ್ಲ.

ಒಂದು ಪ್ರಯೋಗದಿಂದ ತೀರ್ಪು ಕೊಡಬಾರದು. ಮರುವರ್ಷ ಡೆನ್ಮಾರ್ಕಿನ ಒಂದು ತಂಡ ಹನ್ನೆರಡು ವಾರ ತರಬೇತಿ ಕೊಟ್ಟು ನೋಡಿದಾಗ ವಿಟಮಿನ್ನುಗಳಿಂದ ಅಂಥ ಅಡ್ಡಿ ಕಾಣಲಿಲ್ಲ. 2014ರಲ್ಲಿ ನಾರ್ವೆಯ ಇನ್ನೊಂದು ತಂಡಕ್ಕೆ ಸ್ನಾಯುವಿನ ಒಳಗೆ ಮೈಟೊಕಾಂಡ್ರಿಯಾದ ಬೆಳವಣಿಗೆ ಕುಂಠಿತವಾದದ್ದು ಕಂಡಿತು, ಆದರೆ ಓಡುವ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ ನನಗೆ ಕಾಣುವುದಿಷ್ಟು: ಗುಳಿಗೆ ವ್ಯಾಯಾಮದ ಫಲವನ್ನು ಹೆಚ್ಚಿಸುತ್ತದೆ ಎನ್ನಲು ಒಂದರಲ್ಲೂ ಆಧಾರವಿಲ್ಲ, ತಗ್ಗಿಸಬಹುದು ಎನ್ನಲು ಎರಡರಲ್ಲಿ ಆಧಾರವಿದೆ. ಬೆಳಿಗ್ಗೆ ಎದ್ದು ಊರಾಚೆಯ ರಸ್ತೆಯಲ್ಲಿ ಬಿರುಸಾಗಿ ನಡೆದು ಬರುವವರು ಮನೆಗೆ ಬಂದು ಈ ಗುಳಿಗೆ ನುಂಗುವುದಕ್ಕೆ ಕಾರಣವೇ ಇಲ್ಲ.

ಇನ್ನು ಗಾರ್ಸೀನಿಯಾ. ಇದು ನಮ್ಮದೇ ಕಥೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಡಬ್ಬಿಯ ಮೇಲಿನ ಗಾರ್ಸೀನಿಯಾ ಎಂದರೆ ಶಿರಸಿ, ಸಿದ್ದಾಪುರದ ಕಾಡುಗಳ ಉಪ್ಪಾಗೆ ಮರ, ಅದರ ಸೋದರ ಮುರುಗಲು. ದಕ್ಷಿಣ ಕನ್ನಡದವರು ಮುರುಗಲನ್ನು ಪುನರ್ಪುಳಿ ಎನ್ನುತ್ತಾರೆ, ಬೇಸಿಗೆಯಲ್ಲಿ ಅದರ ಶರಬತ್ತು ಕುಡಿಯುತ್ತಾರೆ. ಉಪ್ಪಾಗೆಯ ಒಣಗಿದ ಸಿಪ್ಪೆ ಹುಳಿಗಾಗಿ ಮೀನುಸಾರಿಗೆ ಬೀಳುತ್ತದೆ. ಈ ಹುಳಿಯ ಮೂಲ ಯಾವುದು ಎಂಬುದನ್ನು ಪತ್ತೆ ಮಾಡಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ. ಅಲ್ಲಿನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಪ್ರಕಟಿಸಿದರು. ಅದಕ್ಕೂ ಮೊದಲು ಅದನ್ನು ಟಾರ್ಟಾರಿಕ್, ಸಿಟ್ರಿಕ್ ಆಮ್ಲ ಎಂದೆಲ್ಲ ತಪ್ಪಾಗಿ ತಿಳಿಯಲಾಗಿತ್ತು. ಅಡುಗೆಮನೆಯ ಹುಳಿಯೊಂದನ್ನು ಕುರಿತ ಈ ಪ್ರಾಮಾಣಿಕ, ಅಚ್ಚುಕಟ್ಟಾದ ರಸಾಯನ ವಿಜ್ಞಾನ ಮುಂದೆ ಲೋಕವನ್ನೆಲ್ಲ ಸುತ್ತಿತು.

ನಾಲ್ಕು ವರ್ಷ ಕಳೆದು, 1969ರಲ್ಲಿ, ಅಮೆರಿಕದ ಲೋವೆನ್‌ಸ್ಟೈನ್ ಪ್ರಯೋಗಾಲಯ ಈ ಆಮ್ಲದ ಇನ್ನೊಂದು ಗುಣ ಕಂಡಿತು. ದೇಹ ಹೆಚ್ಚಿನ ಸಕ್ಕರೆಯನ್ನು ಕೊಬ್ಬಾಗಿ ಬದಲಿಸುವಾಗ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಬೇಕು. ಉಪ್ಪಾಗೆಯ ಆಮ್ಲ ಸಿಟ್ರಿಕ್ ಆಮ್ಲದ ವೇಷದಲ್ಲಿ ಬಂದು ಆ ಕಿಣ್ವದ ಬಾಯಿ ಕಟ್ಟುತ್ತದೆ. ಇಲಿಗಳಲ್ಲಿ ಹೊಸ ಕೊಬ್ಬಿನ ತಯಾರಿಕೆ ತಗ್ಗಿತು. ತರ್ಕ ಎಷ್ಟು ಸುಂದರವಾಗಿತ್ತೆಂದರೆ 1990ರ ದಶಕದಲ್ಲಿ ಗಾರ್ಸೀನಿಯಾ ತೂಕ ಇಳಿಸುವ ಗುಳಿಗೆಯಾಗಿ ಅಮೆರಿಕದ ಪೇಟೆಗೆ ನುಗ್ಗಿತು. ಉತ್ತರ ಕನ್ನಡದ ಕಾಡಿನಲ್ಲಿ ಉಪ್ಪಾಗೆಯ ಬೆಲೆ ಏರಿತು. ಮಳೆಗಾಲದಲ್ಲಿ ಕೀಳುವ ಹಣ್ಣನ್ನು ಒಲೆಯ ಮೇಲೆ ಒಣಗಿಸಬೇಕಾದ್ದರಿಂದ ರಾಶಿಗಟ್ಟಲೆ ಸೌದೆ ಉರಿಯಿತು. ಪೈಪೋಟಿಯಲ್ಲಿ ಬಲಿಯದ ಕಾಯನ್ನೂ ಕಿತ್ತರು, ಕೊಂಬೆಗಳನ್ನೂ ಕಡಿದರು. ಆಮೇಲೆ ಬೆಲೆ ಬಿತ್ತು.

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಪ್ರಯೋಗ ಬಂತು. 135 ಜನ, 12 ವಾರ, ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಥವಾ ಹಾಗೆಯೇ ಕಾಣುವ ಹುಸಿಗುಳಿಗೆ. ಎಲ್ಲರಿಗೂ ಒಂದೇ ಬಗೆಯ ಪಥ್ಯ. ಆಮ್ಲ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಹುಸಿಗುಳಿಗೆ ನುಂಗಿದವರು 4.1 ಕಿಲೋ ಇಳಿದರು. ತೂಕ ಇಳಿಸಿದ್ದು ಪಥ್ಯ, ಗುಳಿಗೆಯಲ್ಲ.

ಇಲಿಯಲ್ಲಿ ನಡೆದದ್ದು ಮನುಷ್ಯನಲ್ಲಿ ಏಕೆ ನಡೆಯಲಿಲ್ಲ? ಇಲಿ ತನ್ನ ಕೊಬ್ಬಿನ ದೊಡ್ಡ ಪಾಲನ್ನು ಸಕ್ಕರೆಯಿಂದ ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯನ ಬೊಜ್ಜಿನ ಬಹುಪಾಲು ತಿಂದ ಎಣ್ಣೆ, ತುಪ್ಪ, ಕರಿದ ಮಿರ್ಚಿಯಿಂದ ನೇರವಾಗಿ ಬಂದು ಕೂರುತ್ತದೆ. ಅನ್ನ, ಸಕ್ಕರೆಗಳು ಹೆಚ್ಚಾದಾಗ ದೇಹ ಮೊದಲು ಅವನ್ನೇ ಉರಿಸುತ್ತದೆ, ತಿಂದ ಎಣ್ಣೆ ಉರಿಯದೆ ಉಳಿಯುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದವರ ಮಾತು ಕೊಂಚ ಬೇರೆ. 2005ರ ಒಂದು ಅಧ್ಯಯನದಲ್ಲಿ ಅಂಥವರ ಯಕೃತ್ತಿನ ಕೊಬ್ಬಿನಲ್ಲಿ ಶೇ 26ರಷ್ಟು ಸಕ್ಕರೆಯಿಂದ ಹೊಸದಾಗಿ ತಯಾರಾದದ್ದು ಎಂದು ಕಂಡಿತು. ಆದರೆ ಶೇ 59ರಷ್ಟು ಬಂದದ್ದು ಮೈಯ ಬೊಜ್ಜಿನಿಂದ ರಕ್ತಕ್ಕೆ ಸೋರಿದ ಕೊಬ್ಬಿನಾಮ್ಲಗಳಿಂದ. ಅದನ್ನು ಉಪ್ಪಾಗೆಯ ಆಮ್ಲ ಮುಟ್ಟುವುದೂ ಇಲ್ಲ.

ಫಲವಿಲ್ಲದಿದ್ದರೆ ಹೋಗಲಿ, ಹಾನಿಯಂತೂ ಇಲ್ಲವಲ್ಲ ಎನ್ನಬೇಡಿ. ಗಾರ್ಸೀನಿಯಾ ಗುಳಿಗೆ ನುಂಗಿದವರಲ್ಲಿ ಯಕೃತ್ತಿಗೆ ತೀವ್ರ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಗ್ರೀನ್ ಟೀಯ ಕಥೆಯೂ ಹೀಗೆಯೇ. ಲೋಟದಲ್ಲಿ ಕುಡಿಯುವ ಚಹಾಕ್ಕೆ ಆ ಭಯವಿಲ್ಲ. ಆದರೆ ಅದರ ಸಾರವನ್ನು ಗುಳಿಗೆಯಾಗಿ ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ ಎಂಬ ಕ್ಯಾಟೆಚಿನ್ ಸಿಗುವಷ್ಟು ತೆಗೆದುಕೊಂಡರೆ ಯಕೃತ್ತಿನ ಕಿಣ್ವಗಳು ರಕ್ತದಲ್ಲಿ ಏರಬಹುದು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಪುನರ್ಪುಳಿ ಶರಬತ್ತು, ಮೀನುಸಾರಿನ ಹುಳಿ ಆಹಾರ. ಗಟ್ಟಿಯಾಗಿಸಿದ ಹಣ್ಣಿನ ಸತ್ವವನ್ನು ಖಾಲಿ ಹೊಟ್ಟೆಗೆ ಸುರಿಯುವುದು ಬೇರೆಯೇ ವಿಷಯ.

ವಿಟಮಿನ್ ಇ ಬಗ್ಗೆ ನ್ಯಾಯವಾಗಿ ಮಾತಾಡಬೇಕು, ಏಕೆಂದರೆ ಅದು ಒಂದು ಕಡೆ ನಿಜವಾಗಿ ಕೆಲಸ ಮಾಡಿದೆ. 2010ರಲ್ಲಿ ಪ್ರಕಟವಾದ ಪಿವೆನ್ಸ್ ಎಂಬ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯಿಲ್ಲದ, ಆದರೆ ಕೊಬ್ಬು ತುಂಬಿ ಉರಿಯೂತವಾದ ಯಕೃತ್ತಿನ ರೋಗಿಗಳಿಗೆ 96 ವಾರ ದಿನಕ್ಕೆ 800 ಯೂನಿಟ್ ವಿಟಮಿನ್ ಇ ಕೊಟ್ಟರು. ಶೇ 43 ಜನರ ಯಕೃತ್ತು ಸುಧಾರಿಸಿತು. ಹುಸಿಗುಳಿಗೆಯವರಲ್ಲಿ ಶೇ 19. ದೊಡ್ಡ ವ್ಯತ್ಯಾಸವೇ. ಆದರೆ ಆ ರೋಗಿಗಳ ಯಕೃತ್ತಿನ ಚೂರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ರೋಗ ಖಚಿತಪಡಿಸಿಕೊಂಡಿದ್ದರು, ತಜ್ಞರು ಎರಡು ವರ್ಷ ಕಣ್ಣಿಟ್ಟು ನೋಡಿಕೊಂಡಿದ್ದರು. ಮತ್ತು ವಿಟಮಿನ್ ಇ ಅವರ ಬೊಜ್ಜನ್ನು ಇಳಿಸಲಿಲ್ಲ. ಯಕೃತ್ತಿನ ತಜ್ಞ ವೈದ್ಯರು ಬರೆದುಕೊಟ್ಟ ಔಷಧವಾಗಿ ಅದಕ್ಕೆ ಜಾಗವಿದೆ. ಚರ್ಮ ಹೊಳೆಯಲಿ, ಹೊಟ್ಟೆ ಇಳಿಯಲಿ ಎಂದು ವರ್ಷಗಟ್ಟಲೆ ನುಂಗುವುದಕ್ಕಿಲ್ಲ. ಉತ್ತರ ಅಮೆರಿಕದಲ್ಲಿ 35,533 ಗಂಡಸರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಯಿತೆಂದು 2011ರಲ್ಲಿ ತಿಳಿದುಬಂತು. ಕ್ಯಾನ್ಸರ್ ತಡೆಯಲೆಂದು ಶುರುವಾದ ಪ್ರಯೋಗವದು.

ಬೀಡಿ ಸೇದುವವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. 1994ರಲ್ಲಿ ಫಿನ್ಲೆಂಡಿನ 29,133 ಧೂಮಪಾನಿ ಗಂಡಸರ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತು. ಆ್ಯಂಟಿಆಕ್ಸಿಡೆಂಟ್ ಮಿಶ್ರಣದ ಎಷ್ಟೋ ಗುಳಿಗೆಗಳಲ್ಲಿ ಬೀಟಾ ಕ್ಯಾರೊಟಿನ್ ಇರುತ್ತದೆ. ಸೇದುವವರು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು. ವಿಟಮಿನ್ ಸಿ ಗುಳಿಗೆಯನ್ನು ನಿತ್ಯ ನುಂಗುವ ಗಂಡಸರಲ್ಲಿ ಮೂತ್ರಪಿಂಡದ ಕಲ್ಲು ಸುಮಾರು ಎರಡು ಪಟ್ಟು ಹೆಚ್ಚು ಕಂಡುಬಂತೆಂದು 2013ರ ಸ್ವೀಡನ್ನಿನ ಅಧ್ಯಯನ ಹೇಳುತ್ತದೆ. ಅದು ತಣ್ಣನೆಯ ದೇಶ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಬೆವರು ಸುರಿದು ಮೂತ್ರ ಗಟ್ಟಿಯಾಗುವವರು ಈ ವಿಷಯದಲ್ಲಿ ಇನ್ನಷ್ಟು ಹುಷಾರಾಗಿರಬೇಕು.

ಹಾಗಾದರೆ ತಟ್ಟೆಯಲ್ಲಿರುವ ಆ್ಯಂಟಿಆಕ್ಸಿಡೆಂಟುಗಳು? ಅವುಗಳ ಬಗ್ಗೆ ಭಯ ಬೇಡ. ವಿಟಮಿನ್ ಸಿ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಾಕು ಎನ್ನುತ್ತದೆ ಐಸಿಎಂಆರ್. ನೂರು ಗ್ರಾಂ ಪೇರಲೆ ಹಣ್ಣಿನಲ್ಲಿ ಇನ್ನೂರು ಮಿಲಿಗ್ರಾಮಿಗೂ ಮೀರಿ ಇದೆ, ನೆಲ್ಲಿಕಾಯಲ್ಲಿ ಅದಕ್ಕೂ ಹೆಚ್ಚು. ಕುಸುಬೆ ಎಣ್ಣೆಯಲ್ಲಿ ವಿಟಮಿನ್ ಇ ಯಥೇಚ್ಛ. ಪುಂಡಿಪಲ್ಯ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ ಇವೆಲ್ಲ ಈ ನಾಡಿನ ಊಟದಲ್ಲಿ ಮೊದಲಿನಿಂದ ಇದ್ದವು. ಬೇಸರದ ಸಂಗತಿ ಇನ್ನೊಂದಿದೆ: ಮಾನ್ವಿ, ಸಿಂಧನೂರು, ರಾಯಚೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತ ಪಾಲಿಶ್ ಆಗುವಾಗ ವಿಟಮಿನ್ ಇ, ಒರೈಜನಾಲ್ ಎಂಬ ಆ್ಯಂಟಿಆಕ್ಸಿಡೆಂಟ್, ನಾರು ಎಲ್ಲವೂ ತೌಡಿನ ಜೊತೆ ಹೋಗುತ್ತವೆ. ತೌಡು ದನದ ಮೇವಿಗೆ, ಎಣ್ಣೆ ಕಾರ್ಖಾನೆಗೆ. ಬಿಳಿ ಅನ್ನ ನಮಗೆ.

ಜೋಳದ ಬಗ್ಗೆಯೂ ಉತ್ಪ್ರೇಕ್ಷೆ ಬೇಡ. ತೂಕಕ್ಕೆ ತೂಕ ಹೋಲಿಸಿದರೆ ಜೋಳ, ಅಕ್ಕಿ ಎರಡರ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ ವ್ಯತ್ಯಾಸವಿರುವುದು ನಾರಿನಲ್ಲಿ: ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ನಾರು ಹೊಟ್ಟೆಯನ್ನು ಬೇಗ ತುಂಬಿಸುತ್ತದೆ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಇನ್ಸುಲಿನ್ ಒಮ್ಮೆಲೇ ನೆಗೆಯುವುದಿಲ್ಲ. ಎರಡು ರೊಟ್ಟಿಗೆ ಕೈ ನಿಲ್ಲುವವರು ಅನ್ನವಾದರೆ ಮತ್ತೊಮ್ಮೆ ಬಡಿಸಿಕೊಳ್ಳುತ್ತಾರೆ. ಎಣ್ಣೆ ಮಾತ್ರ ಯಾವುದಾದರೂ ಎಣ್ಣೆಯೇ. ಕುಸುಬೆಯದಾಗಲಿ, ತೌಡಿನದಾಗಲಿ, ಗ್ರಾಮಿಗೆ ಒಂಬತ್ತು ಕ್ಯಾಲೊರಿ. ಸಂಜೆಯ ಮಂಡಾಳ ಒಗ್ಗರಣೆಯ ಜೊತೆ ನಾಲ್ಕು ಮಿರ್ಚಿ ಬಂದರೆ ಯಾವ ಆ್ಯಂಟಿಆಕ್ಸಿಡೆಂಟೂ ಆ ಎಣ್ಣೆಯ ಲೆಕ್ಕ ತೀರಿಸುವುದಿಲ್ಲ.

ಬೊಜ್ಜಿನಲ್ಲಿ ಆಕ್ಸಿಡೆಂಟು ಹೆಚ್ಚುವುದು ನಿಜ. ಅದು ತುಂಬಿ ನಿಂತ ಇಂಧನದ ಪರಿಣಾಮ. ದಂಡೆಯ ಮೇಲೆ ಉಕ್ಕಿದ ನೀರನ್ನು ಬಟ್ಟೆಯಿಂದ ಒರೆಸುತ್ತ ಕೂತರೆ ಕಾಲುವೆ ಇಳಿಯುವುದಿಲ್ಲ. ಮೇಲೆ ನೀರು ತಗ್ಗಿಸಬೇಕು, ಕೆಳಗೆ ತೂಬು ತೆರೆಯಬೇಕು. ತೂಬು ಎಂದರೆ ದುಡಿಯುವ ಸ್ನಾಯು. ಊಟದ ನಂತರ ಹದಿನೈದು ನಿಮಿಷದ ನಡಿಗೆಗೂ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಅದಕ್ಕೆ ಯಾವ ಡಬ್ಬಿಯೂ ಬೇಕಿಲ್ಲ. ಹೆಂಗಸರಿಗೆ ಸುರಕ್ಷಿತವಾಗಿ ನಡೆಯಲು ಬೆಳಕಿರುವ ರಸ್ತೆ ಬೇಕು, ಜೋಳಕ್ಕೆ ಭತ್ತದಷ್ಟೇ ಭರವಸೆಯ ಬೆಲೆ ಬೇಕು. ಇವು ಆಳುವವರು ಮಾಡಬೇಕಾದ ಕೆಲಸಗಳು, ಜನ ಕೇಳಿ ಪಡೆಯಬೇಕಾದವು.

ಓದುಗರಲ್ಲಿ ಒಂದು ಬೇಡಿಕೆ. ಮುಂದಿನ ಡಬ್ಬಿ ಕೊಳ್ಳುವ ಮೊದಲು ಅದರ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬ ಅರ್ಥದ ಸಾಲು ಇದೆಯೇ ನೋಡಿ. ಇಂಥ ಪೂರಕಗಳ ಲೇಬಲ್ಲಿನಲ್ಲಿ ಅದು ಇರಬೇಕೆಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಆಮೇಲೆ ದರ್ಜಿಯ ಟೇಪಿನಿಂದ ಹೊಟ್ಟೆಯ ಸುತ್ತಳತೆ ತೆಗೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದ್ದರೆ, ಮೂವತ್ತು ವಯಸ್ಸು ದಾಟಿದ್ದರೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ, ಬಿಪಿ ತೋರಿಸಿಕೊಳ್ಳಿ. ಆ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಈಗಾಗಲೇ ಯಾವುದಾದರೂ ಗುಳಿಗೆ ನುಂಗುತ್ತಿದ್ದರೆ ಮುಚ್ಚಿಡಬೇಡಿ, ಡಬ್ಬಿಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ. ಕಣ್ಣು ಹಳದಿಯಾಗಿದ್ದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದ್ದರೆ ಗುಳಿಗೆಯನ್ನು ಇಂದೇ ನಿಲ್ಲಿಸಿ, ಇಂದೇ ಆಸ್ಪತ್ರೆಗೆ ಹೋಗಿ.